ಜೋಳದ ತಾಕು, ಸಕ್ಕರೆ ಕಾಯಿಲೆ, ಹಾಪುಸ್ ಪೇಟಿ: ಸಂಶೋಧಕರ ತಕರಾರುಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಕೃಷಿಯದೊಂದು, ವೈದ್ಯಕೀಯದ್ದೊಂದು, ಬ್ರ್ಯಾಂಡ್ ಮ್ಯಾನೇಜ್‌ಮೆಂಟಿನದೊಂದು. ಬರೆದವರು ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಮೂವರೂ ಎಡವಿದ್ದು ಒಂದೇ ಕಡೆ. ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದ್ದೇವೆ, ಯಾರಿಗೆ ಯಾವುದು ಸಿಗಬೇಕೆಂದು ತೀರ್ಮಾನಿಸಿದ್ದು ಯಾರು ಎಂದು ಕೇಳಿಕೊಳ್ಳದೆ ಲೆಕ್ಕಕ್ಕೆ ಕೂತಿದ್ದಾರೆ. ಕೊನೆಯಲ್ಲಿ ಜರ್ನಲ್ ಬಗ್ಗೆ ಒಂದು ಸಣ್ಣ ಪ್ರಶ್ನೆಯೂ ಇದೆ.

ಪ್ರಶ್ನೆ: ನಾನು ಜತ್ ತಾಲೂಕಿನವನು, ಪುಣೆಯಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೇನೆ. ಹಿಂಗಾರಿ ಬಿಳಿಜೋಳಕ್ಕೆ ಕಡಲಪಾಚಿ ದ್ರಾವಣ ಸಿಂಪಡಿಸುವ ಪ್ರಯೋಗ ಮಾಡಿದೆ. ನಾಲ್ಕು ಪ್ರಮಾಣ, ನಾಲ್ಕು ತಾಕು. ಒಂದೊಂದರಲ್ಲಿ 30 ಗಿಡದ ತೆನೆ ತೂಗಿದೆ, ಒಟ್ಟು 120 ಅಂಕಿ. ವ್ಯತ್ಯಾಸ ಚೆನ್ನಾಗಿಯೇ ಬಂತು. ಜರ್ನಲ್‌ನವರು ರೆಪ್ಲಿಕೇಶನ್ (ಒಂದೇ ಪ್ರಮಾಣವನ್ನು ಬೇರೆ ಬೇರೆ ತಾಕುಗಳಲ್ಲಿ ಮತ್ತೆ ಹಾಕಿ ನೋಡುವುದು) ಇಲ್ಲ ಎಂದು ವಾಪಸ್ ಕಳಿಸಿದರು. 120 ಸಾಲದೇ ಸರ್?

ಉತ್ತರ: ಗಿಡ 120 ಇರಬಹುದು, ಪ್ರಯೋಗದ ಘಟಕ ನಾಲ್ಕೇ. ನೀವು ದ್ರಾವಣದ ಪ್ರಮಾಣ ಹಂಚಿದ್ದು ತಾಕಿಗೆ, ಗಿಡಕ್ಕಲ್ಲ. ಒಂದು ಪಾತ್ರೆಯ ಅನ್ನದಲ್ಲಿ ಮೂವತ್ತು ಅಗುಳು ಹಿಚುಕಿ ನೋಡಿದರೂ ಪಕ್ಕದ ಪಾತ್ರೆ ಬೆಂದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ನಿಮ್ಮ ಕಡೆಯ ಎರೆಹೊಲವನ್ನೇ ನೆನಪಿಸಿಕೊಳ್ಳಿ. ಹಿಂಗಾರಿ ಜೋಳ ಬರುವುದೇ ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆ. ಇಳಿಜಾರಿನ ಕೆಳಗೆ, ಬದುವಿಗೆ ಹತ್ತಿದಂತೆ ಮಣ್ಣು ದಪ್ಪ, ತೇವ ಜಾಸ್ತಿ. ಮೇಲ್ಗಡೆ ಒಂದೆರಡು ಗೇಣು ಅಗೆದರೆ ಗರಸು. ಹೆಚ್ಚು ಪ್ರಮಾಣ ಪಡೆದ ತಾಕು ಬದುವಿನ ಹತ್ತಿರ ಇದ್ದಿದ್ದರೆ ತೆನೆ ತೂಗಿಸಿದ್ದು ಪಾಚಿಯೋ ಮಣ್ಣೋ? ನಿಮ್ಮ ಅಂಕಿಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಯಾವ ಸಾಫ್ಟ್‌ವೇರ್ ಕೂಡ ಅದನ್ನು ಹುಡುಕಿ ಕೊಡಲಾರದು.

ಬರುವ ಹಿಂಗಾರಿಯಲ್ಲಿ ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ಐದು ಪಟ್ಟಿ ಮಾಡಿ. ಒಂದೊಂದು ಪಟ್ಟಿಯೊಳಗೆ ಮಣ್ಣು ಹೆಚ್ಚುಕಡಿಮೆ ಒಂದೇ ಥರ ಇರಲಿ. ಪ್ರತಿ ಪಟ್ಟಿಯಲ್ಲೂ ನಾಲ್ಕು ಪ್ರಮಾಣವೂ ಬರಬೇಕು, ಯಾವ ತಾಕಿಗೆ ಯಾವುದು ಎಂಬುದನ್ನು ಪಟ್ಟಿ ಪಟ್ಟಿಗೂ ಹೊಸದಾಗಿ ಚೀಟಿ ಎತ್ತಿಯೇ ನಿರ್ಧರಿಸಬೇಕು. ಐದೇ ಪಟ್ಟಿ ಯಾಕೆಂದರೆ, ಎರರ್ ಡಿಗ್ರೀಸ್ ಆಫ್ ಫ್ರೀಡಂ (ಆಕಸ್ಮಿಕ ವ್ಯತ್ಯಾಸ ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳ ಎಣಿಕೆ) 12ಕ್ಕೆ ಕಡಿಮೆ ಇರಬಾರದೆಂಬ ರೂಢಿ ಕೃಷಿ ಕಾಲೇಜುಗಳಲ್ಲಿದೆ. ನಾಲ್ಕು ಪ್ರಮಾಣದಲ್ಲಿ ಒಂದು ಕಳೆದರೆ ಮೂರು, ಐದು ಪಟ್ಟಿಯಲ್ಲಿ ಒಂದು ಕಳೆದರೆ ನಾಲ್ಕು, ಗುಣಿಸಿದರೆ 12. ತಾಕಿನ ಅಂಚಿನ ಸಾಲುಗಳನ್ನು ತೂಕಕ್ಕೆ ಹಿಡಿಯಬೇಡಿ. ಅವಕ್ಕೆ ಬಿಸಿಲು ಹೆಚ್ಚು, ಪಕ್ಕದ ತಾಕಿನ ಸಿಂಪಡಣೆಯೂ ಗಾಳಿಗೆ ಬಂದು ಬಿದ್ದಿರುತ್ತದೆ. ನಿಮ್ಮ ನಾಲ್ಕರಲ್ಲಿ ಸೊನ್ನೆ ಪ್ರಮಾಣ ಇತ್ತೇ ಎಂದು ನೀವು ಬರೆದಿಲ್ಲ. ಬರೀ ನೀರು ಹೊಡೆದ ತಾಕು ಇರಲೇಬೇಕು, ಇಲ್ಲದಿದ್ದರೆ ಗುಣ ಕೊಟ್ಟದ್ದು ನೀರೂ ಆಗಿರಬಹುದು.

30 ಗಿಡ ತೂಗಿದ ಶ್ರಮ ವ್ಯರ್ಥವಲ್ಲ. ಮುಂದೆಯೂ ತೂಗಿ, ಸರಾಸರಿ ತೆಗೆದು ತಾಕಿಗೊಂದೇ ಅಂಕಿ ಬರೆಯಿರಿ. ಈ ವರ್ಷದ್ದನ್ನು ಪೂರ್ವಪ್ರಯೋಗ ಎಂದು ಥೀಸಿಸ್‌ನಲ್ಲಿ ಹೇಳಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಎಂ.ಡಿ. ರೆಸಿಡೆಂಟ್ ಆಗಿದ್ದೇನೆ, ಊರು ಕುಂದಾಪುರ. ನಮ್ಮಲ್ಲಿ ಬೆಳಿಗ್ಗೆ ಏಳಕ್ಕೆ ಸಕ್ಕರೆ ಕಾಯಿಲೆಯವರಿಗೆ ಯೋಗ ತರಗತಿ ನಡೆಯುತ್ತದೆ. ಅದಕ್ಕೆ ಬಂದ 60 ಜನ, ಬಾರದ 60 ಜನರ ದಾಖಲೆ ಹೋಲಿಸಿದೆ. ಬಂದವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರುವ ರಕ್ತಪರೀಕ್ಷೆ) ಜಾಸ್ತಿ ಇಳಿದಿದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆ. ಈಗ ಗೈಡ್ ಇದನ್ನು ಕ್ಲಿನಿಕಲ್ ಟ್ರಯಲ್ ಎಂದು ಬರೆದು ಸಿ.ಟಿ.ಆರ್.ಐ.ಯಲ್ಲಿ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಾಯಿಸು ಅನ್ನುತ್ತಿದ್ದಾರೆ.

ಉತ್ತರ: ಎರಡೂ ಆಗದು ಡಾಕ್ಟರೇ. 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು, ಮುಗಿದ ಮೇಲೆ ಬಾಗಿಲು ಮುಚ್ಚಿದೆ. ಮತ್ತೆ, ನಿಮ್ಮದು ಟ್ರಯಲ್ ಕೂಡ ಅಲ್ಲ. ಯಾರು ಯೋಗಕ್ಕೆ ಬರಬೇಕೆಂದು ನೀವು ಹಂಚಲಿಲ್ಲ, ಅವರೇ ಆರಿಸಿಕೊಂಡರು.

ಮುಂಬಯಿಯಲ್ಲಿ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಬರಬಲ್ಲವರು ಯಾರು ನೋಡಿ. ಹತ್ತಿರವೇ ಮನೆ ಇರುವವರು, ನಿವೃತ್ತರು, ಆರೋಗ್ಯದ ಚಿಂತೆ ಇದ್ದವರು. ವಿರಾರ್‌ನಿಂದ ಆರೂವರೆಯ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಹೋಟೆಲ್ ಕಾರ್ಮಿಕ ನಿಮ್ಮ ಎರಡನೇ ಗುಂಪಿನಲ್ಲಿದ್ದಾನೆ. ಅವನ ಊಟದ ಹೊತ್ತು, ನಿದ್ದೆ, ಮಾತ್ರೆ ತಪ್ಪುವುದು ಎಲ್ಲವೂ ಬೇರೆ. ಇನ್ನೊಂದು ಸಂಗತಿ: ಸಕ್ಕರೆ ವಿಪರೀತ ಏರಿದಾಗಲೇ ಜನ ಹೆದರಿ ತರಗತಿಗೆ ಸೇರುತ್ತಾರೆ. ಹಾಗೆ ಏರಿದ್ದು ಮುಂದಿನ ತಪಾಸಣೆಯಲ್ಲಿ ಯೋಗ ಇಲ್ಲದೆಯೂ ಒಂದಿಷ್ಟು ಇಳಿಯುವುದೇ ಹೆಚ್ಚು. ರೋಗಿ ಎಚ್ಚೆತ್ತಿರುತ್ತಾನೆ, ನೀವೇ ಔಷಧದ ಡೋಸ್ ಬದಲಿಸಿರುತ್ತೀರಿ.

ಚೀಟಿ ಎತ್ತುವ ಪದ್ಧತಿ ವೈದ್ಯಕ್ಕೆ ಬಂದದ್ದು ಹೊಲದಿಂದ. 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಅಲ್ಲಿನ ಬೆಳೆ ಪ್ರಯೋಗಗಳಿಗಾಗಿ ಅದನ್ನು ಶಾಸ್ತ್ರವಾಗಿ ಕಟ್ಟಿದರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದಾಗ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಬ್ರ್ಯಾಡ್‌ಫರ್ಡ್ ಹಿಲ್ ಯಾರಿಗೆ ಔಷಧ, ಯಾರಿಗೆ ಬರೀ ಹಾಸಿಗೆ ವಿಶ್ರಾಂತಿ ಎಂಬುದನ್ನು ಮುಚ್ಚಿದ ಲಕೋಟೆಗಳಲ್ಲಿಟ್ಟರು. 1948ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಸಾವು, ಪಡೆಯದ 52 ಜನರಲ್ಲಿ 14. ನಿಮಗಿಂತ ಕಡಿಮೆ ರೋಗಿಗಳು, ಆದರೂ ಜಗತ್ತು ನಂಬಿತು.

ಒಬ್ಬೊಬ್ಬರಿಗೂ ಚೀಟಿ ಎತ್ತಲಾಗದ ಕಡೆ ಬಸ್ತಿಗಳಿಗೇ ಎತ್ತಬಹುದು. ನಿಮ್ಮ ಮುಂಬಯಿಯಲ್ಲೇ ಟಾಟಾ ಮೆಮೋರಿಯಲ್ ಆಸ್ಪತ್ರೆ ಅದನ್ನು ಮಾಡಿ ತೋರಿಸಿದೆ. ಸುಮಾರು ಒಂದೂವರೆ ಲಕ್ಷ ಮಹಿಳೆಯರಿರುವ ಕೊಳೆಗೇರಿ ಪ್ರದೇಶಗಳನ್ನು 20 ಗುಂಪು ಮಾಡಿ, ಹತ್ತರಲ್ಲಿ ಆರೋಗ್ಯ ಕಾರ್ಯಕರ್ತೆಯರಿಂದ ಅಸಿಟಿಕ್ ಆಮ್ಲ ಹಚ್ಚಿ ಗರ್ಭಕೊರಳಿನ ತಪಾಸಣೆ ನಡೆಸಿದರು. ಗರ್ಭಕೊರಳಿನ ಕ್ಯಾನ್ಸರ್ ಸಾವು 31% ಕಡಿಮೆಯಾಯಿತು. ಅದೇ ಮಹಿಳೆಯರಲ್ಲಿ ಕೈಯಿಂದ ಮಾಡಿದ ಸ್ತನ ತಪಾಸಣೆಯ ಫಲಿತಾಂಶ 2021ರಲ್ಲಿ ಬಂತು. ಒಟ್ಟಾರೆ ಸಾವಿನ ಇಳಿಕೆ 15%, ಆದರೆ ಅದು ಆಕಸ್ಮಿಕವೂ ಇರಬಹುದಾದ ಮಟ್ಟದ್ದು. 50 ದಾಟಿದವರಲ್ಲಿ ಮಾತ್ರ ಇಳಿಕೆ 30%ರ ಹತ್ತಿರ. ಈ ವಯಸ್ಸಿನ ವಿಂಗಡಣೆ ಆಮೇಲೆ ಮಾಡಿದ್ದೆಂದು ಲೇಖಕರೇ ಬರೆದಿದ್ದಾರೆ. ಅದನ್ನು ಮುಚ್ಚಿಡದೆ ಬರೆದದ್ದರಿಂದಲೇ ಓದುವವರು ಆ 30%ಕ್ಕೆ ಎಷ್ಟು ತೂಕ ಕೊಡಬೇಕೋ ಅಷ್ಟು ಕೊಡಬಲ್ಲರು.

ನಿಮ್ಮದನ್ನು ಅವಲೋಕನ ಅಧ್ಯಯನ ಎಂದೇ ಬರೆಯಿರಿ. ವಯಸ್ಸು, ಉದ್ಯೋಗ, ಔಷಧ ಬದಲಾವಣೆ, ಆರಂಭದ ಎಚ್‌ಬಿಎ1ಸಿ ನಾಲ್ಕನ್ನೂ ಎರಡೂ ಗುಂಪಿಗೆ ಪಕ್ಕಪಕ್ಕ ಕೋಷ್ಟಕದಲ್ಲಿ ಕೊಡಿ. ಗೈಡ್ ಒಪ್ಪದಿದ್ದರೆ ಸಿ.ಟಿ.ಆರ್.ಐ. ನಿಯಮದ ಪುಟ ಮುದ್ರಿಸಿ ಮೇಜಿನ ಮೇಲಿಡಿ. ವಾದಕ್ಕಿಂತ ಅದು ಕೆಲಸ ಮಾಡುತ್ತದೆ.

ಪ್ರಶ್ನೆ: ನಮ್ಮ ತಂದೆ ಧಾರವಾಡದಿಂದ ಬಂದು ವಾಶಿ ಮಾರುಕಟ್ಟೆಯಲ್ಲಿ ಮಾವಿನ ವ್ಯಾಪಾರ ಮಾಡುತ್ತಾರೆ. ನಾನು ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ವಿಷಯ ಹಾಪುಸ್ (ಆಪೂಸು) ಮಾವಿನ ಬ್ರ್ಯಾಂಡ್ ಮೌಲ್ಯ. ಗೂಗಲ್ ಫಾರ್ಮ್ ಕಳಿಸಿ 384 ಉತ್ತರ ಸಂಗ್ರಹಿಸಿದೆ. ರತ್ನಾಗಿರಿ ಹಾಪುಸ್‌ಗೆ ಹೆಚ್ಚು ದುಡ್ಡು ಕೊಡುತ್ತೇವೆ ಎಂದು 80% ಜನ ಹೇಳಿದ್ದಾರೆ. ತಂದೆ ನಗುತ್ತಾರೆ. ಯಾಕಿರಬಹುದು?

ಉತ್ತರ: ನಿಮ್ಮ ತಂದೆ ನಗುವುದಕ್ಕೆ ಕಾರಣವಿದೆ. ಗಿರಾಕಿ ಬಾಯಲ್ಲಿ ಹೇಳುವ ಬೆಲೆಗೂ ಜೇಬಿನಿಂದ ತೆಗೆಯುವ ಬೆಲೆಗೂ ಇರುವ ಅಂತರ ಅವರಿಗೆ ದಿನಾ ಕಾಣುತ್ತದೆ.

ಮೊದಲು ಈ 384ರ ವಿಷಯ. ಮ್ಯಾನೇಜ್‌ಮೆಂಟ್ ಥೀಸಿಸ್‌ಗಳಲ್ಲಿ ಇದು ಮಂತ್ರದಂತೆ ಬರುತ್ತದೆ. ಎಷ್ಟು ಜನರನ್ನು ಕೇಳಬೇಕೆಂದು 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಕೊಟ್ಟ ಕೋಷ್ಟಕದ ಕೊನೆಯ ಅಂಕಿ ಅದು. ಜನಸಂಖ್ಯೆ ಎಷ್ಟೇ ದೊಡ್ಡದಿರಲಿ, 95% ಭರವಸೆಯಲ್ಲಿ ಐದು ಶೇಕಡಾ ಆಚೀಚೆಯ ಅಂದಾಜಿಗೆ 384 ಜನ ಸಾಕು. ಷರತ್ತೊಂದೇ, ಆ 384 ಜನರನ್ನು ಇಡೀ ಜನಸಂಖ್ಯೆಯಿಂದ ಚೀಟಿ ಎತ್ತಿದಂತೆ ಆಯ್ದಿರಬೇಕು. ನಿಮ್ಮ ಫಾರ್ಮ್ ಹೋದದ್ದು ವಾಟ್ಸಾಪ್ ಗುಂಪುಗಳಿಗೆ. ಉತ್ತರಿಸಿದವರು ನಿಮ್ಮ ಸ್ನೇಹಿತರು, ಅವರ ಸ್ನೇಹಿತರು. ಹಾಗೆ ಸೇರಿಸುತ್ತ 3,840ಕ್ಕೆ ಹೋದರೂ ಇದು ಸರಿಹೋಗುವುದಿಲ್ಲ.

ನಿಮ್ಮ ವಿಷಯ ಮಾತ್ರ ಬಂಗಾರದಂಥದ್ದು. ಹಾಪುಸ್‌ಗೆ 2018ರಲ್ಲಿ ಭೌಗೋಳಿಕ ಸೂಚಕ (ಇಂಥ ಕಡೆ ಬೆಳೆದದ್ದಕ್ಕೇ ಈ ಹೆಸರು ಎಂಬ ಕಾನೂನಿನ ಗುರುತು) ಸಿಕ್ಕಿತು. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್ ಈ ಐದು ಜಿಲ್ಲೆಗಳಿಗೆ ಮಾತ್ರ. ಧಾರವಾಡದ ಕಡೆ ಬೆಳೆದ ಆಪೂಸು ತಳಿಯಲ್ಲಿ ಅದೇ ಜಾತಿ, ಪೇಟಿಯ ಮೇಲೆ ಆ ಹೆಸರಿಗೆ ಹಕ್ಕಿಲ್ಲ. ಕರ್ನಾಟಕದ ಹಣ್ಣು ರತ್ನಾಗಿರಿ ಎಂದು ಮಾರಾಟವಾಗುತ್ತದೆ ಎಂಬ ದೂರು ವಾಶಿಯಲ್ಲೂ ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲೂ ಹಳೆಯದು. ಹಾಗಾದರೆ ಗಿರಾಕಿ ದುಡ್ಡು ಕೊಡುತ್ತಿರುವುದು ರುಚಿಗೋ ಹೆಸರಿಗೋ? ನಿಮ್ಮ ಥೀಸಿಸ್ ಕೇಳಬೇಕಾದದ್ದು ಇದನ್ನೇ. ಇದಕ್ಕೆ ಫಾರ್ಮ್ ಬೇಡ, ಜೋಳದ ಹುಡುಗನಿಗೆ ಹೇಳಿದ ಚೀಟಿ ಸಾಕು.

ಒಂದೇ ಲಾಟಿನ, ಒಂದೇ ಮಾಗಿದ ಹಂತದ ಹಣ್ಣು ತನ್ನಿ. ಹೋಳು ಮಾಡಿ ಬಟ್ಟಲಲ್ಲಿಡಿ. ರುಚಿ ನೋಡುವವರಲ್ಲಿ ಮೂರನೇ ಒಂದು ಪಾಲಿಗೆ ರತ್ನಾಗಿರಿ ಎಂಬ ಚೀಟಿ, ಇನ್ನೊಂದು ಪಾಲಿಗೆ ಕರ್ನಾಟಕ ಎಂಬ ಚೀಟಿ, ಉಳಿದವರಿಗೆ ಹೆಸರೇ ಇಲ್ಲ. ಯಾರಿಗೆ ಯಾವುದು ಎಂಬುದು ಮೊದಲೇ ಲಕೋಟೆಯಲ್ಲಿರಲಿ, ಬಟ್ಟಲು ಕೊಡುವ ನಿಮ್ಮ ತಮ್ಮನ ಇಷ್ಟಕ್ಕೆ ಬಿಡಬೇಡಿ. ಹಣ್ಣು ಒಂದೇ ಆದ್ದರಿಂದ ಅಂಕದಲ್ಲಿ ಬರುವ ವ್ಯತ್ಯಾಸ ಹೆಸರಿನದು. ಆಮೇಲೆ ಪ್ರತಿಯೊಬ್ಬರ ಕೈಗೂ ಒಂದಿಷ್ಟು ನಗದು ಕೊಟ್ಟು, ಅದನ್ನು ಮನೆಗೆ ಒಯ್ಯಬಹುದು ಇಲ್ಲವೇ ಅದರಲ್ಲಿ ಹಣ್ಣು ಕೊಳ್ಳಬಹುದು ಎಂದು ಹೇಳಿ. ಎಷ್ಟು ಖರ್ಚು ಮಾಡಿದರೆಂದು ಬರೆದುಕೊಳ್ಳಿ, ಅದೇ ನಿಜವಾದ ಬೆಲೆ. ಮುಗಿದ ಮೇಲೆ ಎಲ್ಲರಿಗೂ ಅಸಲಿ ಸಂಗತಿ ತಿಳಿಸಬೇಕು. ಇದರಲ್ಲಿ ಸುಳ್ಳು ಚೀಟಿ ಇದೆಯಾದ್ದರಿಂದ ನಿಮಗೂ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಡಾಕ್ಟರರಿಗೆ ಮಾತ್ರ ಬೇಕಾದದ್ದು ಅದು ಎಂದು ಮ್ಯಾನೇಜ್‌ಮೆಂಟ್‌ನವರು ಅಂದುಕೊಂಡಿರುತ್ತಾರೆ.

ರುಚಿ ಪರೀಕ್ಷೆಯೊಂದನ್ನೇ ನಂಬಿದರೂ ಕಷ್ಟ. 1985ರಲ್ಲಿ ಕೋಕಾ ಕೋಲಾ ಕಂಪನಿ ಸುಮಾರು ಎರಡು ಲಕ್ಷ ರುಚಿ ಪರೀಕ್ಷೆ ಮಾಡಿ, ಜನ ಮೆಚ್ಚಿದ ಹೊಸ ಕೋಕ್ ತಂದಿತು. ಹಳೆಯದನ್ನು ನಿಲ್ಲಿಸಿದ್ದೇ ತಡ, ಜನ ಸಿಟ್ಟಿಗೆದ್ದು 79 ದಿನದಲ್ಲಿ ಅದನ್ನು ವಾಪಸ್ ತರಬೇಕಾಯಿತು. ಹೆಸರು ಕಾಣದ ಲೋಟದಲ್ಲಿ ಹೆಸರಿನ ಬೆಲೆ ಸಿಕ್ಕೀತು ಹೇಗೆ? ನಿಮ್ಮ ಮೂರು ಗುಂಪಿನ ಉಪಯೋಗ ಅಲ್ಲಿದೆ. ಸೀಸನ್ ನೋಡಿಕೊಳ್ಳಿ, ಕೊಂಕಣದ ಹಣ್ಣೂ ಕರ್ನಾಟಕದ್ದೂ ಒಟ್ಟಿಗೆ ಬರುವ ವಾರಗಳು ಯಾವುವೆಂದು ತಂದೆಯವರನ್ನೇ ಕೇಳಿ. ಸಹ ಮಾರ್ಗದರ್ಶಕರಾಗಿ ಅವರ ಹೆಸರು ಹಾಕಲು ವಿಶ್ವವಿದ್ಯಾಲಯ ಬಿಡುವುದಿಲ್ಲ ಎಂಬುದೊಂದೇ ಬೇಸರ.

ಪ್ರಶ್ನೆ: ಮಡಗಾಂವ್‌ನಲ್ಲಿ ಕಾಲೇಜು ಅಧ್ಯಾಪಕಿ. ಗೋಡಂಬಿ ಬೆಳೆಗಾರರ ಕುರಿತ ಪ್ರಬಂಧವನ್ನು ಒಂದು ಅಂತರರಾಷ್ಟ್ರೀಯ ಬಹುಶಿಸ್ತೀಯ ಜರ್ನಲ್‌ಗೆ ಕಳಿಸಿದೆ. ವೈದ್ಯ, ಕೃಷಿ, ವಾಣಿಜ್ಯ ಎಲ್ಲವನ್ನೂ ಪ್ರಕಟಿಸುತ್ತಾರಂತೆ. ನಾಲ್ಕೇ ದಿನದಲ್ಲಿ ಸ್ವೀಕಾರ, ಫೀಸು ಕಟ್ಟಿ ಎಂಬ ಇಮೇಲ್. ಕಟ್ಟಲೇ?

ಉತ್ತರ: ಬೇಡ. ನಾಲ್ಕು ದಿನದಲ್ಲಿ ಇಬ್ಬರು ತಜ್ಞರು ಓದಿ ಬರೆಯುವುದು ನಡೆಯುವ ಮಾತಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಕ್ಯಾನ್ಸರ್ ಪ್ರಬಂಧವನ್ನು 304 ಜರ್ನಲ್‌ಗಳಿಗೆ ಕಳಿಸಿದಾಗ 157 ಸ್ವೀಕರಿಸಿದ್ದವು. ನಮ್ಮ ಯು.ಜಿ.ಸಿ. 2018ರಲ್ಲಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್ ತೆಗೆದುಹಾಕಿತು. ಅದರ ನಂತರ ಬಂದ, ಪುಣೆ ವಿಶ್ವವಿದ್ಯಾಲಯದಲ್ಲಿ ನೋಡಿಕೊಳ್ಳುತ್ತಿದ್ದ ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಹಾಗಾಗಿ ಕೇರ್ ಅನುಮೋದಿತ ಎಂದು ಈಗಲೂ ಹಾಕಿಕೊಂಡವರನ್ನು ಅಷ್ಟಕ್ಕೇ ನಂಬಬೇಡಿ. ಸಂಪಾದಕ ಮಂಡಳಿಯಲ್ಲಿರುವ ಇಬ್ಬರ ಹೆಸರು ಆರಿಸಿ, ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಇಮೇಲ್ ಮಾಡಿ ಕೇಳಿ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿಲ್ಲವಾದರೆ ಇಂದೇ ವಾಪಸ್ ಪಡೆಯುವ ಇಮೇಲ್ ಬರೆದು ಪ್ರತಿ ಇಟ್ಟುಕೊಳ್ಳಿ. ಹಿಂತೆಗೆಯಲೂ ಫೀಸು ಕೇಳಿದರೆ ಕೊಡಬೇಡಿ. ನಿಮ್ಮದೇ ಪ್ರಬಂಧದ ಉಲ್ಲೇಖ ಪಟ್ಟಿಯಲ್ಲಿ ಮೂರ್ನಾಲ್ಕು ಸಲ ಬಂದ ಜರ್ನಲ್ ಯಾವುದೆಂದು ನೋಡಿ, ಮುಂದಿನ ಸಲ ಅಲ್ಲಿಗೆ ಕಳಿಸಿ.