ಗಾಲ್ಫ್ ಕಲಿಯುವವರು ಮೊದಲು ಕೋಚ್ ಹತ್ತಿರ ಹೋಗಬೇಕಾ, ಅಳತೆಗೆ ತಕ್ಕ ಕ್ಲಬ್ (ಚೆಂಡು ಹೊಡೆಯುವ ಕೋಲು) ಮಾಡಿಸಿಕೊಳ್ಳಬೇಕಾ?

ಮೊದಲು ಪಾಠ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕ್ಲಬ್ ಫಿಟ್ಟಿಂಗ್ ಅಂದರೆ ನಿಮ್ಮ ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ನೋಡಿ ಶಾಫ್ಟ್ (ಕ್ಲಬ್ಬಿನ ಉದ್ದನೆಯ ಕಡ್ಡಿ) ಎಷ್ಟು ಉದ್ದ ಇರಬೇಕು, ಎಷ್ಟು ಬಾಗಬೇಕು, ಕ್ಲಬ್ಬಿನ ತಲೆ ನೆಲದ ಮೇಲೆ ಯಾವ ಕೋನದಲ್ಲಿ ಕೂರಬೇಕು ಅಂತ ಗೊತ್ತು ಮಾಡುವುದು. ಆದರೆ ಹೊಸಬರ ಸ್ವಿಂಗ್ ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ಬೆಳೆಯೋ ಮಗುವಿಗೆ ಮೈಗಂಟುವಂತೆ ಬಟ್ಟೆ ಹೊಲಿಸಿದ ಹಾಗಾಗುತ್ತದೆ, ಅಲ್ವಾ?

ಹಿಡಿತವನ್ನೇ ನೋಡಿ. ಕ್ಲಬ್ಬನ್ನು ಬೆರಳುಗಳಲ್ಲಿ ಹಿಡಿಯಬೇಕು. ಹೊಸಬರು ಅಂಗೈಯಲ್ಲಿ ಅದುಮಿ ಹಿಡಿಯುವುದೇ ಜಾಸ್ತಿ. ನಿಮ್ಮ ಗ್ಲೌಸ್ ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆ, ಬೇಗ ಸವೆದು ತೂತಾಗಿದ್ದರೆ ಹಿಡಿತದಲ್ಲಿ ಕ್ಲಬ್ ಜಾರುತ್ತಿದೆ ಅಂತ ಲೆಕ್ಕ. ಎಷ್ಟೇ ದುಬಾರಿ ಕ್ಲಬ್ ತಂದರೂ ಇದು ಸರಿಹೋಗುವುದಿಲ್ಲ. ಒಳ್ಳೆಯ ಕೋಚ್ ಮೊದಲ ದಿನವೇ ಕೈ ಹಿಡಿದು ತಿದ್ದುತ್ತಾರೆ.

ಹಾಗಂತ ಯಾವ ಕ್ಲಬ್ ಆದರೂ ಆಗುತ್ತದೆ ಅಂತಲ್ಲ. ತುಂಬಾ ಎತ್ತರ ಅಥವಾ ಗಿಡ್ಡ ಇರುವವರು ಉದ್ದವನ್ನಾದರೂ ಮೊದಲೇ ನೋಡಿಸಿಕೊಳ್ಳಿ. ನಿಯಮದ ಪ್ರಕಾರ 14 ಕ್ಲಬ್ ಒಯ್ಯಬಹುದು, ಆದರೆ ಶುರುವಿಗೆ ಅಷ್ಟೆಲ್ಲ ಬೇಡ. ಮಧ್ಯಮ ದೂರಕ್ಕೆ ಹೊಡೆಯಲು ಸೆಕೆಂಡ್ ಹ್ಯಾಂಡ್ 7 ಐರನ್, ಹತ್ತಿರದಿಂದ ಚೆಂಡು ಎತ್ತಿ ಹೊಡೆಯಲು ಒಂದು ವೆಜ್, ಚೆಂಡನ್ನು ಕುಳಿಗೆ ಉರುಳಿಸಲು ಒಂದು ಪಟರ್ ಸಾಕು. ಚೆಂಡು ಹೆಚ್ಚುಕಮ್ಮಿ ಒಂದೇ ಕಡೆ ಹೋಗತೊಡಗಿದ ಮೇಲೆ ಫಿಟ್ಟಿಂಗ್ ಮಾಡಿಸಿ.