ಗೊಂಬೆ ಹಾಸ್ಯ: ಮೊದಲು ಕರೆಯೋ, ಮೊದಲು ಶೂಟಿಂಗೋ?

ಸಾಗರದ ಕೇಬಲ್ ಚಾನೆಲ್‌ಗೆ ತಮಾಷೆ ಫೋನ್ ಕರೆಗಳ ಗೊಂಬೆ ಕಾರ್ಯಕ್ರಮ ಮಾಡ್ತಿದ್ದೀವಿ, ಗೊಂಬೆ ಆಡಿಸ್ತಾನೇ ಕರೆ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಮೊದಲು ಕರೆ ರೆಕಾರ್ಡ್ ಮಾಡಿ, ಕತ್ತರಿಸಿ ಎರಡು ಮೂರು ನಿಮಿಷಕ್ಕೆ ಇಳಿಸಿ. ಆಮೇಲೆ ಆ ಧ್ವನಿಗೆ ಗೊಂಬೆ ಆಡಿಸಿ. 2002ರಲ್ಲಿ ಅಮೆರಿಕದ ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ ಶುರುವಾದ ‘ಕ್ರ್ಯಾಂಕ್ ಯಾಂಕರ್ಸ್’ ಅನ್ನೋ ಇಂಥದ್ದೇ ಗೊಂಬೆ ಕಾರ್ಯಕ್ರಮ ಕೂಡ ಇದೇ ಕ್ರಮದಲ್ಲಿ ಆಗಿದ್ದು.

ಬಾಯಿ ಆಡಿಸೋದೇ ಕಷ್ಟದ ಕೆಲಸ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತೆ, ಪ್ರತಿ ಅಕ್ಷರಕ್ಕೂ ಬಾಯಿ ತೆರೆದರೆ ಗೊಂಬೆ ಮೀನಿನ ಹಾಗೆ ಕಾಣುತ್ತೆ. ‘ಯಾರ್ರೀ ಮಾತಾಡೋದು’ ಅಂದಾಗ ‘ಯಾ’ಗೆ, ‘ತಾ’ಗೆ, ‘ಡೋ’ಗೆ ತೆರೆದರೆ ಸಾಕು. ಬಾಯಿ ತೆರೆಯೋಕೆ ಗೊಂಬೆಯೊಳಗಿನ ಕೈಯ ಬೆರಳು ಮೇಲೆತ್ತಬೇಡಿ, ಹೆಬ್ಬೆರಳು ಕೆಳಗಿಳಿಸಿ. ಇಲ್ಲಾಂದ್ರೆ ಪ್ರತಿ ಮಾತಿಗೂ ಗೊಂಬೆ ಸೂರು ನೋಡುತ್ತೆ.

ತಲೆಗೆ ಫೋಮ್ ಬದಲು ಅಡಿಕೆ ಹಾಳೆ ನೆನೆಸಿ ಬಗ್ಗಿಸಿ ನೋಡಿ, ಹಗುರ. ಆದರೆ ಚೆನ್ನಾಗಿ ಒಣಗಿಸಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ರೆಕಾರ್ಡಿಂಗ್ ತಗಡಿನ ಮಾಡಿನ ಕೆಳಗೆ ಬೇಡವೇ ಬೇಡ.

ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ: ಕರೆ ಮುಗಿದ ಕೂಡಲೇ ನಿಜ ಹೇಳಿ, ಪ್ರಸಾರಕ್ಕೆ ಒಪ್ಪಿಗೆ ಕೇಳಿ, ಬರಹದಲ್ಲೇ ತಗೊಳ್ಳಿ. ಒಪ್ಪದಿದ್ರೆ ಅಳಿಸಿ. ಹೆಸರು, ಊರು, ನಂಬರು ಕೇಳಿಸಬಾರದು. ಸಾವು, ಆಸ್ಪತ್ರೆ, ಬ್ಯಾಂಕ್ ಸಾಲದ ಮಾತು ಎತ್ತಲೇಬೇಡಿ. ಅಡಿಕೆ ಸುಲಿಯೋಕೆ ಜನ ಬೇಕಾ, ಕೊಟ್ಟೆ ಕಡುಬಿಗೆ ಎಲೆ ಸಿಗುತ್ತಾ, ಇಂಥದ್ದು ಕೇಳಿ. ಆ ಕಡೆಯವರೇ ನಿಮಗಿಂತ ಚೆನ್ನಾಗಿ ನಗಿಸ್ತಾರೆ.