ಇರುಳಿನ ಮಗ ಹಾಡುವುದೇನು?

ಪ್ರಶ್ನೆ: ದುಬೈಯಲ್ಲಿ ಕೆಲಸಕ್ಕಿರುವ ನನ್ನ ಮಗ ರಜೆಗೆ ಬಂದಾಗಲೆಲ್ಲ ಕಾರಿನಲ್ಲಿ ‘ಮಶ್ರೂ ಲೈಲಾ’ ಎಂಬ ಲೆಬನಾನ್ ತಂಡದ ‘ಇಬ್ನ್ ಎಲ್ ಲೇಲ್’ ಆಲ್ಬಂ ಹಾಕುತ್ತಾನೆ. ತಾಳ ಕುಣಿಯುವಂತಿದೆ, ಹಾಡುವವರ ದನಿಯಲ್ಲಿ ಮಾತ್ರ ಅಳು ತುಂಬಿದಂತಿದೆ. ಅರಬ್ಬಿ ತಿಳಿಯದ ನನಗೆ ಇದು ಮೋಜಿನ ಹಾಡೋ ಶೋಕದ ಹಾಡೋ ಗೊತ್ತಾಗುತ್ತಿಲ್ಲ. ದಯವಿಟ್ಟು ವಿವರಿಸಿ. (ಓದುಗರೊಬ್ಬರು, ಮಂಗಳೂರು)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಸಾವಿನ ಮನೆಯ ದುಃಖವನ್ನು ಕ್ಲಬ್ಬಿನ ಕುಣಿತದ ನಡುವೆ ತಂದು ಕೂರಿಸಿರುವುದೇ ಈ ಆಲ್ಬಮಿನ ಹೆಚ್ಚುಗಾರಿಕೆ.

ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಮತ್ತು ವಿನ್ಯಾಸ ಓದುತ್ತಿದ್ದ ವಿದ್ಯಾರ್ಥಿಗಳು 2008ರಲ್ಲಿ ಕಟ್ಟಿಕೊಂಡ ತಂಡವಿದು. ‘ಮಶ್ರೂ’ ಎಂದರೆ ಯೋಜನೆ. ‘ಲೈಲಾ’ ಎಂದರೆ ರಾತ್ರಿ, ಹೆಣ್ಣಿನ ಹೆಸರೂ ಹೌದು. ಲೈಲಾ–ಮಜ್ನೂ ಕಥೆ ಕೇಳಿ ಬೆಳೆದ ನಮಗೆ ಹೆಸರೇ ಮೊದಲು ನೆನಪಾಗುತ್ತದೆ. 2015ರ ನವೆಂಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದ ಕಛೇರಿಯೊಂದಿಗೆ ಬಿಡುಗಡೆಯಾದ ಈ ಆಲ್ಬಮಿನ ಹೆಸರಿಗೆ ‘ಇರುಳಿನ ಮಗ’ ಎಂದರ್ಥ. ‘ನಿಶಾಚರ’ ಎಂದು ಅನುವಾದಿಸಬಹುದಿತ್ತು, ಆದರೆ ಆ ಪದಕ್ಕೆ ನಮ್ಮ ಪುರಾಣಗಳು ಕೋರೆಹಲ್ಲು ಅಂಟಿಸಿಬಿಟ್ಟಿವೆ. ಇಲ್ಲಿರುವವನು ರಾಕ್ಷಸನಲ್ಲ, ಮನೆಗೆ ಹೋಗಲು ಮನಸ್ಸಿಲ್ಲದೆ ಬೆಳಗಿನವರೆಗೂ ಕುಣಿಯುವವನು. ಗಾಯಕ ಹಾಮಿದ್ ಸಿನ್ನೊ ಅವರ ತಂದೆಯ ಸಾವಿನ ನೆರಳು ಈ ಹಾಡುಗಳ ಮೇಲಿದೆ ಎಂಬುದನ್ನು ತಿಳಿದುಕೊಂಡು ಕೇಳಿದರೆ, ನಿಮಗೆ ಕೇಳಿಸಿದ ಅಳು ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ.

ಎರಡು ಹಾಡುಗಳನ್ನು ಹತ್ತಿರದಿಂದ ನೋಡೋಣ. ‘ಮಘಾವೀರ್’ ಎಂದರೆ ಕಮಾಂಡೋಗಳು. ಬೈರೂತಿನ ಎರಡು ನೈಟ್‌ಕ್ಲಬ್ಬುಗಳಲ್ಲಿ ನಡೆದ ಗುಂಡಿನ ದಾಳಿಗಳ ಹಿನ್ನೆಲೆಯಲ್ಲಿ ಬರೆದ ಈ ಹಾಡು, ಹುಟ್ಟುಹಬ್ಬದ ರಾತ್ರಿಯನ್ನು ಊರಿನಲ್ಲಿ ಹೇಗೆ ಕಳೆಯಬೇಕೆಂದು ಹೇಳಿಕೊಡುವವರ ಹಗುರ ಧಾಟಿಯಲ್ಲಿ ಸಾಗುತ್ತ, ಗಂಡಸುತನದ ಮೆರೆದಾಟ ಬಂದೂಕಿನಲ್ಲಿ ಮುಗಿಯುವುದನ್ನು ತೋರಿಸುತ್ತದೆ. 2016ರ ಜೂನ್ 12ರಂದು ಅಮೆರಿಕದ ಒರ್ಲ್ಯಾಂಡೊ ನಗರದ ಸಲಿಂಗಿಗಳ ಕ್ಲಬ್ಬಿನಲ್ಲಿ ಹತ್ಯಾಕಾಂಡ ನಡೆಯಿತು. ಅದರ ಮರುದಿನ ಬೆಳಿಗ್ಗೆ ಈ ತಂಡ ವಾಷಿಂಗ್ಟನ್ನಿನ ಎನ್‌ಪಿಆರ್ ಬಾನುಲಿಯ ಕಚೇರಿಯಲ್ಲಿ, ಮೇಜು–ಪುಸ್ತಕಗಳ ನಡುವೆ ನಿಂತು, ಇದೇ ಹಾಡನ್ನು ಹಾಡಿತು. ಬೈರೂತಿನ ಸಾವಿಗಾಗಿ ಬರೆದ ಸಾಲುಗಳು ಅಂದು ಒರ್ಲ್ಯಾಂಡೊಗೂ ಹೊಂದಿಕೊಂಡದ್ದನ್ನು ದೃಶ್ಯಮುದ್ರಿಕೆಯಲ್ಲಿ ಇಂದಿಗೂ ನೋಡಬಹುದು.

ಇನ್ನೊಂದು ‘ಜಿನ್’. ಕಣ್ಣಿಗೆ ಕಾಣದ ಭೂತವೂ ಜಿನ್, ಬಾಟಲಿಯ ಮದ್ಯವೂ ಜಿನ್. ಕನ್ನಡ ಲಿಪಿಯಲ್ಲಿ ಬರೆದರೂ ಶ್ಲೇಷೆ ಕೆಡದೆ ಉಳಿಯುವುದು ನಮ್ಮ ಪುಣ್ಯ. ಕುಡಿತದಲ್ಲಿ ತನ್ನನ್ನು ಕಳೆದುಕೊಳ್ಳುವುದನ್ನು ಕ್ರೈಸ್ತ ದೀಕ್ಷಾಸ್ನಾನದ ಮಾತುಗಳಲ್ಲಿ ಹೇಳುವ ಈ ಹಾಡೇ ಮುಂದೆ ತಂಡಕ್ಕೆ ದೊಡ್ಡ ಸಂಕಟ ತಂದಿತು.

ಸಂಗೀತದ ಬಗ್ಗೆಯೂ ಒಂದು ಮಾತು. ಹಾಯ್ಗ್ ಪಾಪಾಜಿಯಾನ್ ಅವರ ಪಿಟೀಲು ಮೊದಲಿನ ಆಲ್ಬಮುಗಳಲ್ಲಿ ಮುಂದೆ ನಿಂತು ಕುಣಿಯುತ್ತಿತ್ತು. ಇಲ್ಲಿ ಸಿಂಥಸೈಜರಿನ ದಟ್ಟ ನಾದದ ಹಿಂದೆ ಸರಿದು, ಬೇಕಾದಲ್ಲಿ ಮಾತ್ರ ಗೀರುತ್ತದೆ. ನನಗೆ ಹಳೆಯ ಒರಟುತನವೇ ಹೆಚ್ಚು ಇಷ್ಟ, ಆದರೆ ಕ್ಲಬ್ಬಿನ ಕತ್ತಲೆಗೆ ಈ ನುಣುಪು ಬೇಕಿತ್ತೆಂದು ಒಪ್ಪಬೇಕು.

ಪ್ರಶ್ನೆ: ಇದೇ ಆಲ್ಬಮಿನ ‘ಕಲಾಂ’ ಎಂಬ ಹಾಡು ವ್ಯಾಕರಣದ ಕುರಿತಾದದ್ದು ಎಂದು ಕೇಳಿದೆ. ವ್ಯಾಕರಣವನ್ನು ರಾಕ್ ಸಂಗೀತದಲ್ಲಿ ಹಾಡುವುದುಂಟೆ? (ಕನ್ನಡ ಅಧ್ಯಾಪಕರೊಬ್ಬರು, ಧಾರವಾಡ)

ಉತ್ತರ: ಉಂಟು, ಅದೂ ಪ್ರೇಮಗೀತೆಯಾಗಿ. ‘ಕಲಾಂ’ ಎಂದರೆ ಮಾತು. (ನಮ್ಮ ಕಾನೂನು ಪುಸ್ತಕಗಳ ‘ಕಲಂ’ ಬೇರೆ, ಅದು ಲೇಖನಿ ಎಂಬರ್ಥದ ಇನ್ನೊಂದು ಅರಬ್ಬಿ ಪದದಿಂದ ಬಂದದ್ದು.) ಕನ್ನಡದಲ್ಲಿ ‘ನೀನು ಬಂದೆ’ ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯದು. ಅರಬ್ಬಿಯಲ್ಲಿ ಆ ಆಸರೆಯಿಲ್ಲ: ಎದುರಿಗಿರುವವರು ಗಂಡಾದರೆ ‘ಇನ್ತ’, ಹೆಣ್ಣಾದರೆ ‘ಇನ್ತಿ’. ನಪುಂಸಕಲಿಂಗವೂ ಇಲ್ಲದ್ದರಿಂದ ಸೂರ್ಯ ಸ್ತ್ರೀಲಿಂಗಕ್ಕೂ ಚಂದ್ರ ಪುಲ್ಲಿಂಗಕ್ಕೂ ಸೇರಿಹೋಗಿದ್ದಾರೆ. ಹಾಗಾಗಿ ಪ್ರಿಯರನ್ನು ‘ನೀನು’ ಎಂದು ಕರೆದೊಡನೆಯೇ ಲಿಂಗ ಬಯಲಾಗುತ್ತದೆ. ಅರಬ್ಬಿ ಪ್ರೇಮಗೀತೆಗಳಲ್ಲಿ ಹೆಣ್ಣನ್ನೂ ‘ಹಬೀಬೀ’ ಎಂದು ಪುಲ್ಲಿಂಗದಲ್ಲಿ ಕರೆಯುವ ಹಳೆಯ ರೂಢಿ ಇದ್ದುದರಿಂದ, ಗಂಡು ಗಂಡನ್ನು ಕುರಿತು ಹಾಡಿದರೂ ಕೇಳುವವರು ರೂಢಿಯೆಂದು ಸುಮ್ಮನಾಗುತ್ತಿದ್ದರು. ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡ ಸಿನ್ನೊ ಅವರು ಆ ಮರೆಯನ್ನು ಸರಿಸಿ, ಮೈಗೆ ಲಿಂಗದ ಗುರುತು ಹಚ್ಚುವ ಭಾಷೆಯೂ ನೆಲಕ್ಕೆ ಗಡಿ ಎಳೆಯುವ ದೇಶವೂ ಮಾಡುವ ಕೆಲಸ ಒಂದೇ ಅಲ್ಲವೆ ಎಂದು ಕೇಳುತ್ತಾರೆ. ಹಾಡು ಗ್ರಾಂಥಿಕ ಅರಬ್ಬಿಯಲ್ಲಿಲ್ಲ, ಲೆಬನಾನಿನ ಆಡುಮಾತಿನಲ್ಲಿದೆ. ಪಾಠದಂತೆ ಕೇಳಿಸದೆ ಪಿಸುಮಾತಿನಂತೆ ಕೇಳಿಸಲು ಅದೇ ಕಾರಣ.

ಈ ಉತ್ತರದಲ್ಲಿ ಸಿನ್ನೊ ಅವರನ್ನು ಕುರಿತು ‘ಕೇಳುತ್ತಾರೆ’ ಎಂದು ಬರೆಯುವಾಗ ಕನ್ನಡದ ಗೌರವಸೂಚಕ ನನಗೆ ಒದಗಿಸಿದ ಸೌಲಭ್ಯವನ್ನು ತಾವು ತರಗತಿಯಲ್ಲಿ ಉದಾಹರಣೆಯಾಗಿ ಬಳಸಬಹುದು.

ಪ್ರಶ್ನೆ: ಈ ತಂಡವನ್ನು ನಿಷೇಧಿಸಿದ್ದು ನಿಜವೆ? ಈಗ ಎಲ್ಲಿ ಹಾಡುತ್ತಿದೆ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಜ, ಅದೂ ಒಂದೇ ದೇಶದಲ್ಲಲ್ಲ. ಜೋರ್ಡಾನ್ 2016ರಲ್ಲಿ ಅಮ್ಮಾನ್ ನಗರದ ರೋಮನ್ ಬಯಲುರಂಗದ ಕಛೇರಿಗೆ ಅನುಮತಿ ಹಿಂತೆಗೆದುಕೊಂಡಿತು. ಮರುವರ್ಷವೂ ಹಾಗೆಯೇ ಆಯಿತು. 2017ರ ಸೆಪ್ಟೆಂಬರಿನಲ್ಲಿ ಕೈರೋದ ಕಛೇರಿಯಲ್ಲಿ ಕೆಲವು ಕೇಳುಗರು ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಾವುಟ ಬೀಸಿದರು. ಅದರ ಬೆನ್ನಿಗೇ ಈಜಿಪ್ಟಿನಲ್ಲಿ ಹತ್ತಾರು ಮಂದಿಯ ಬಂಧನವಾಯಿತು. ಹಾಡಿದವರಿಗಿಂತ ಕೇಳಿದವರೇ ಹೆಚ್ಚು ದಂಡ ತೆತ್ತರು. 2019ರಲ್ಲಿ ಸ್ವಂತ ನಾಡಿನಲ್ಲೇ, ಬಿಬ್ಲಾಸ್ ಉತ್ಸವದ ಕಛೇರಿಗೆ ಚರ್ಚಿನ ಕಡೆಯಿಂದ ಆಕ್ಷೇಪ, ಬೆದರಿಕೆಗಳು ಬಂದವು. ‘ಜಿನ್’ ಹಾಗೂ ‘ಅಸ್ನಾಂ’ ಎಂಬ ಹಾಡುಗಳು ಧರ್ಮನಿಂದೆ ಮಾಡುತ್ತವೆ ಎಂಬುದು ದೂರು. ಎರಡೂ ನಾಲ್ಕು ವರ್ಷಗಳಿಂದ ಎಲ್ಲರೂ ಕೇಳುತ್ತಿದ್ದ ಇದೇ ಆಲ್ಬಮಿನ ಹಾಡುಗಳು. ರಕ್ತಪಾತ ತಪ್ಪಿಸುವ ಕಾರಣ ಹೇಳಿ ಸಂಘಟಕರು ಕಛೇರಿಯನ್ನು ರದ್ದುಮಾಡಿದರು. 2022ರ ಸೆಪ್ಟೆಂಬರಿನಲ್ಲಿ ತಂಡ ಮುಗಿಯಿತೆಂದು ಸಿನ್ನೊ ಅವರು ತಿಳಿಸಿದರು.

ಆಲ್ಬಮನ್ನು ಕೇಳುವ ಮನಸ್ಸಿದ್ದರೆ, 2017ರಲ್ಲಿ ‘ರೋಮನ್’ ಮುಂತಾದ ಹಾಡುಗಳನ್ನು ಸೇರಿಸಿ ಹೊರತಂದ ವಿಸ್ತೃತ ಆವೃತ್ತಿಯನ್ನು ಆರಿಸಿಕೊಳ್ಳಿ. ಹಿಜಾಬು ತೊಟ್ಟ ಹೆಂಗಸರೇ ತುಂಬಿರುವ ‘ರೋಮನ್’ ದೃಶ್ಯಮುದ್ರಿಕೆಯಲ್ಲಿ ತಂಡದವರು ಬದಿಗೆ ಸರಿದಿರುವುದನ್ನೂ ಗಮನಿಸಿ.